ಆರು ಗಂಟೆಯೊಳಗೆ ಒಂದು ಮಾತು

ಇಷ್ಟಕ್ಕೆಲ್ಲ ಮೂಲ ಒಂದು ಸೌಟು. ಬೆಳಗಿನ ತಿಂಡಿ ಬಡಿಸುತ್ತಿದ್ದ ಹೆಂಡತಿ ಅದನ್ನು ಪಾತ್ರೆಯ ಅಂಚಿಗೆ ಠಣ್ಣೆಂದು ಬಡಿದು ಗಂಡನ ಎದುರು ನಿಂತಳು. ಮದುವೆಯಾಗಿ ಐದು ವರ್ಷ ಕಳೆದ ಗಂಡಸಿಗೆ ಆ ಸದ್ದಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ರೀ, ಹಳ್ಳೀಲಿ ಬಾಡಿಗೆಗೆ ನೋಡಿ ಬಂದ್ವಲ್ಲ, ಆ ಮನೆ ಯಜಮಾನಿ ಅಮ್ಮ ಫೋನ್ ಮಾಡಿದ್ರು. ಬರ್ತೀವೋ ಇಲ್ವೋ ಇವತ್ತು ಆರು ಗಂಟೆ ಒಳಗೆ ಹೇಳ್ಬೇಕಂತೆ. ಇಲ್ದಿದ್ರೆ ಆ ಸಾಲಿನ ಐದು ಮನೆಗೂ ಈರುಳ್ಳಿ ಮೂಟೆ ತುಂಬ್ತೀನಿ ಅಂತ ಒಬ್ಬ ವ್ಯಾಪಾರಿ ಬಾಗಿಲಲ್ಲೇ ಕೂತಿದಾನಂತೆ."

"ನೋಡೋಣ," ಎಂದ ಗಂಡ.

ಈ 'ನೋಡೋಣ' ಅವನಿಗೆ ಹೆಸರಿಗಿಂತ ಹೆಚ್ಚಾಗಿ ಅಂಟಿಕೊಂಡಿದ್ದ ಮಾತು. ಕೆಲಸದ ಜಾಗದಲ್ಲಿ ಅವನನ್ನು ಕರೆಯುತ್ತಿದ್ದುದೇ ನೋಡೋಣಪ್ಪ ಎಂದು. ಅವನಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಾಯಿಸಿ ನೋಡುವ ಕಬ್ಬಿಣದ ಫ್ರೇಮನ್ನು ಮೂಗಿನ ಮೇಲೇರಿಸಿ, ಎದುರಿನ ಅಕ್ಷರದ ಹಲಗೆ ತೋರಿಸಿ, "ಇದು ಚೆನ್ನಾಗಿ ಕಾಣುತ್ತಾ, ಮೊದಲಿಂದೋ?" ಎಂದು ದಿನಕ್ಕೆ ನೂರು ಸಲ ಕೇಳುತ್ತಿದ್ದ. ಬೇರೆಯವರ ಬಾಯಿಂದ ಇದೋ ಅದೋ ಎಂದು ಹೇಳಿಸುವುದರಲ್ಲಿ ಅವನ ಕೈ ಪಳಗಿತ್ತು. ತನ್ನ ಸರದಿ ಬಂದರೆ ಮಾತ್ರ ನೋಡೋಣ. ಒಮ್ಮೆ ಕ್ಷೌರದವನು "ಸಣ್ಣಕ್ಕೋ, ಮಧ್ಯಮಕ್ಕೋ?" ಎಂದು ಕೇಳಿದಾಗಲೂ ಹಾಗೇ ಅಂದು, ಆ ತಿಂಗಳೆಲ್ಲ ತಲೆಯ ಒಂದು ಬದಿ ಸಣ್ಣಗೂ ಇನ್ನೊಂದು ಬದಿ ಮಧ್ಯಮವಾಗಿಯೂ ಓಡಾಡಿದ್ದ. ಹೆಣ್ಣು ನೋಡಲು ಹೋದಾಗಲೂ ಅಂದದ್ದು ಅದೇ ಮಾತು. ಹೆಣ್ಣಿನ ತಂದೆಗೆ ಕಿವಿ ಸ್ವಲ್ಪ ದೂರ, ಆಸೆ ಬಹಳ ಹತ್ತಿರ. ಅವರು ಅದನ್ನೇ ಹೂಂ ಎಂದು ಹಿಡಿದುಕೊಂಡದ್ದರಿಂದ ಇವನಿಗೊಂದು ಸಂಸಾರವಾಯಿತು.

"ಇವತ್ತು ಆ ಮಾತು ನಡೆಯಲ್ಲ," ಎಂದಳು ಹೆಂಡತಿ. "ಪಟ್ಟಣ ಅಂದ್ರೆ ಪಟ್ಟಣ, ಹಳ್ಳಿ ಅಂದ್ರೆ ಹಳ್ಳಿ. ನನಗೆ ಎರಡೂ ಸರಿ. ಆದ್ರೆ ಹೇಳೋದು ನೀವು. ನಿಮ್ಮ ಬಾಯಿಂದ."

"ನಿನಗೆ ಯಾವುದು ಇಷ್ಟ ಅಂತ..."

"ನನ್ನ ಇಷ್ಟ ಕೇಳಿ, ನಾಳೆ ಅಲ್ಲಿ ಸೊಳ್ಳೆ ಕಚ್ಚಿದ್ರೂ ನನ್ನ ತಲೆಗೆ ಕಟ್ಟೋಕಾ? ಐದು ವರ್ಷದಿಂದ ತರಕಾರಿಯಿಂದ ಹಿಡಿದು ಮಗು ಹೆಸರಿನ ತನಕ ನಾನೇ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿದೆ. ಈ ಒಂದು ಸಲ ನೀವು ಹೇಳಿ. ಆಮೇಲೆ ಬೆಂಕಿಗೆ ಬೀಳೋಣ ಅಂದ್ರೂ ಹಿಂದೇನೇ ಬರ್ತೀನಿ."

ಮಾತಿನ ಕೊನೆಗೆ ಅವಳ ದನಿ ಸ್ವಲ್ಪ ಒದ್ದೆಯಾದದ್ದನ್ನು ಅವನು ಗಮನಿಸಿದ. ಸೌಟಿನ ಸದ್ದಿಗೆ ಹೆದರದವನು ಇದಕ್ಕೆ ಹೆದರಿದ.

ಅವರ ಮನೆ ಮೂರನೆಯ ಮಹಡಿಯಲ್ಲಿ. ಉದ್ದನೆಯ ಕಾರಿಡಾರಿಗೆ ನಾಲ್ಕು ಬಾಗಿಲು, ನಾಲ್ಕೂ ಹಗಲೆಲ್ಲ ತೆರೆದೇ ಇರುತ್ತಿದ್ದವು. ಒಂದರಲ್ಲಿ ಕೆಲಸದಿಂದ ನಿವೃತ್ತಳಾದ ನರ್ಸಮ್ಮ, ಇನ್ನೊಂದರಲ್ಲಿ ಪಾಠ ಮಾಡುವುದರಿಂದ ಮಾತ್ರ ನಿವೃತ್ತರಾಗದ ಭೂಗೋಳದ ಮೇಷ್ಟ್ರು, ಮೂರನೆಯದರಲ್ಲಿ ಬ್ಯಾಂಡಿನಲ್ಲಿ ಕಹಳೆ ಊದುವ ಬ್ರಹ್ಮಚಾರಿ. ಇವರ ಮೂರು ವರ್ಷದ ಪುಟ್ಟಿ ಎಲ್ಲಿ ಉಣ್ಣುತ್ತಾಳೆ, ಎಲ್ಲಿ ಮಲಗುತ್ತಾಳೆ ಎಂಬುದಕ್ಕೆ ಲೆಕ್ಕವೇ ಇರಲಿಲ್ಲ. ಸ್ನಾನದ ನೀರು ಎಷ್ಟು ಬಿಸಿ ಇರಬೇಕೆಂದು ನರ್ಸಮ್ಮ ಹೇಳುವಳು. ಮಗು "ಅಪ್ಪಾ, ಅಲ್ಲಿ..." ಎಂದರೆ ಸಾಕು, "ಅಲ್ಲಿ ಅಲ್ಲ ಪುಟ್ಟಿ, ಆಗ್ನೇಯ" ಎಂದು ಮೇಷ್ಟ್ರು ತಿದ್ದುವರು. ಮಲಗಿಸುತ್ತೇನೆಂದು ಕಹಳೆಯವನು ಜೋಗುಳ ಊದಿದರೆ ಕೆಳಗಿನ ಎರಡು ಮಹಡಿಯವರೂ ಎದ್ದು ಕೂರುವರು. ಮಗು ತಮ್ಮದೋ ಮಹಡಿಯದೋ ಎಂದು ಅವನಿಗೆ ಆಗಾಗ ಅನುಮಾನವಾಗುತ್ತಿತ್ತು.

ಹಾಗೆಂದು ಪಟ್ಟಣ ಬೇಡವೆಂದೂ ಹೇಳುವಂತಿರಲಿಲ್ಲ. ಅಂಗಡಿ ಹತ್ತು ನಿಮಿಷದ ದಾರಿ, ಡಾಕ್ಟರು ಬೀದಿ ಕೊನೆಯಲ್ಲಿ, ಬರುವ ವರ್ಷ ಪುಟ್ಟಿ ಹೋಗಬೇಕಾದ ಶಾಲೆ ಕೂಗಳತೆಯಲ್ಲಿ. ಹಳ್ಳಿಯಾದರೋ ಬಸ್ಸಿನಲ್ಲಿ ಒಂದು ಗಂಟೆ. ಊರಾಚೆ, ಎಂದೋ ಮುಚ್ಚಿದ ನೂಲಿನ ಗಿರಣಿಯ ಪಕ್ಕ ಸಾಲಾಗಿ ಐದು ಹೆಂಚಿನ ಮನೆ, ಐದೂ ಖಾಲಿ, ಹಿಂದೆ ಬಾವಿ, ಮುಂದೆ ಕೆರೆ. ಹೋದ ಭಾನುವಾರ ನೋಡಲು ಹೋದಾಗ ಪುಟ್ಟಿ "ಓ" ಎಂದು ಕೂಗಿದ್ದಳು. ಗಿರಣಿಯ ಗೋಡೆ "ಓ" ಎಂದು ತಿರುಗಿ ಕೂಗಿತು. ನಡುವೆ ಯಾರೂ ಬಾಯಿ ಹಾಕಲಿಲ್ಲ. ಆ ಮೌನ ಅವನ ಕಿವಿಯಲ್ಲಿ ಇನ್ನೂ ಜೇನಿನಂತೆ ಅಂಟಿಕೊಂಡಿತ್ತು.

ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದಕ್ಕೆ ಹುಡುಕುತ್ತಿದ್ದವನನ್ನು ನರ್ಸಮ್ಮ ಕಾರಿಡಾರಿನಲ್ಲೇ ಹಿಡಿದಳು. ಒಳಗಿನ ಮಾತನ್ನೆಲ್ಲ ಅವಳು ಕೇಳಿದ್ದಳೆಂದು ಬೇರೆ ಹೇಳಬೇಕಿಲ್ಲ. ಬಾಗಿಲು ತೆರೆದಿತ್ತು.

"ಏನಪ್ಪಾ, ಹಳ್ಳಿಗೆ ಹೋಗ್ತೀಯಂತೆ? ರಾತ್ರಿ ಮಗುಗೆ ಜ್ವರ ಬಂದ್ರೆ ಕೆರೆ ಕಪ್ಪೆ ಬಂದು ಔಷಧಿ ಕೊಡತ್ತಾ?"

"ಇನ್ನೂ ಏನೂ ತೀರ್ಮಾನ ಆಗಿಲ್ಲ ನರ್ಸಮ್ಮ."

"ನೀನು ತೀರ್ಮಾನ ಮಾಡೋದು ನಾನು ಸತ್ತಮೇಲೆ. ಆಯಮ್ಮನ ನಂಬರು ಕೊಡು ಇಲ್ಲಿ. ನಾನು ವಿಚಾರಿಸ್ತೀನಿ. ನಿನ್ನಂಥ ಸಾಧುಪ್ರಾಣೀನ ಯಾರು ಬೇಕಾದ್ರೂ ಟೋಪಿ ಹಾಕಿ ಕಳಿಸ್ತಾರೆ."

ಮೇಷ್ಟ್ರು ಪೇಪರು ಮಡಚಿಕೊಂಡು ಹೊರಬಂದರು. "ಏನಯ್ಯಾ, ಆ ಊರು ತಗ್ಗಿನಲ್ಲಿದೆಯೋ ದಿಬ್ಬದಲ್ಲಿದೆಯೋ ಅಂತಾದ್ರೂ ನೋಡಿದೀಯಾ? ತಗ್ಗಿನ ಊರಿಗೆ ಹೋದವನು ಉದ್ಧಾರ ಆಗಿದ್ದು ನಾನು ಯಾವ ಭೂಪಟದಲ್ಲೂ ಕಂಡಿಲ್ಲ."

ಕಹಳೆಯವನು ಹಲ್ಲುಜ್ಜುತ್ತಲೇ ಬಂದ. "ಅಣ್ಣಾ, ನೀವು ಹೋದ್ರೆ ನನ್ನ ಹೊಸ ರಾಗ ಯಾರಿಗೆ ಕೇಳಿಸ್ಲಿ? ಪುಟ್ಟಿ ಒಬ್ಬಳೇ ಕಿವಿ ಮುಚ್ಕೊಳ್ಳದೆ ಕೇಳೋದು."

ಅವಳು ಕಿವಿ ಮುಚ್ಚಿಕೊಳ್ಳದಿದ್ದುದು ಎರಡು ಕೈಯಲ್ಲೂ ನರ್ಸಮ್ಮ ಕೊಟ್ಟ ಬಿಸ್ಕತ್ತು ಇರುತ್ತಿದ್ದುದರಿಂದ. ಅದನ್ನು ಹೇಳಿ ಯಾಕೆ ನೋಯಿಸಬೇಕೆಂದು ಅವನು ಕೊನೆಗೂ ಸಿಕ್ಕ ಇನ್ನೊಂದು ಚಪ್ಪಲಿಗೆ ಕಾಲು ತೂರಿಸಿದ. ಗಂಟೆ ಆಗಲೇ ಹತ್ತು. ನಂಬರು ಹೇಳಿ ಮೆಟ್ಟಿಲಿಳಿದು ಓಡಿದ. ಮೇಲಿಂದ ಮೂರೂ ದನಿಗಳು ಒಟ್ಟಿಗೆ ಬಿದ್ದವು: "ಹೋಗ್ಬೇಡ!"

ಅಂಗಡಿಯಲ್ಲಿ ಯಜಮಾನರು ಗಡಿಯಾರ ನೋಡಿದರು, ಇವನ ಮುಖ ನೋಡಿದರು, ಮತ್ತೆ ಗಡಿಯಾರ ನೋಡಿದರು. ಬೈಯುವ ಮುಂಚೆ ಹೀಗೆ ಮೂರು ಸಲ ನೋಡುವುದು ಅವರ ಪದ್ಧತಿ. ಅಷ್ಟರಲ್ಲಿ ಅಂಚೆಯವನು ತನ್ನ ಹೊಸ ಕನ್ನಡಕ ಕೇಳಿಕೊಂಡು ಬಂದದ್ದರಿಂದ ಬೈಗುಳ ನಾಲಿಗೆಯಲ್ಲೇ ಉಳಿಯಿತು.

ಸಿದ್ಧವಾದ ಕನ್ನಡಕಗಳೆಲ್ಲ ತಟ್ಟೆಯಲ್ಲಿದ್ದವು. ಅವನು ಒಂದನ್ನು ತೆಗೆದು ಒರೆಸುವಾಗ ಫೋನು ಬಂತು. ನರ್ಸಮ್ಮ.

"ಮಾತಾಡಿದೆ ಕಣಪ್ಪ. ಆಸ್ಪತ್ರೆ ಎಂಟು ಮೈಲಿಯಂತೆ. ಸುತ್ತಮುತ್ತ ಒಬ್ಬ ನರ್ಸೂ ಇಲ್ವಂತೆ. ಹೋಗಲೇಬೇಡ."

ಹಳ್ಳಿ ಒಂದು ಕಣ್ಣಿಗೆ, ಪಟ್ಟಣ ಇನ್ನೊಂದು ಕಣ್ಣಿಗೆ ಕಾಣಿಸುತ್ತಿರುವಾಗ ಕೈಯಲ್ಲಿರುವುದು ಯಾರ ಕನ್ನಡಕವೆಂದು ಯಾರಿಗೆ ಗೊತ್ತಾಗಬೇಕು? ಡಬ್ಬಿಗೆ ಹಾಕಿ ಕೊಟ್ಟ. ಅಂಚೆಯವನು ಹಾಕಿಕೊಂಡು, "ನೆಲ ಸ್ವಲ್ಪ ಎದ್ದು ಬಂದಹಾಗಿದೆಯಲ್ಲ?" ಎಂದ. "ಹೊಸತರಲ್ಲಿ ಹಾಗೇ, ಎರಡು ದಿನಕ್ಕೆ ಕೂತ್ಕೊಳ್ಳತ್ತೆ," ಎಂದು ಇವನು ಅಭ್ಯಾಸಬಲದಿಂದ ಹೇಳಿ ಕಳಿಸಿದ.

ನೆಲ ಕೂರಲಿಲ್ಲ. ಹನ್ನೆರಡೂವರೆಗೆ ಅಂಚೆಯವನು ಗೋಡೆ ಸವರಿಕೊಂಡು ವಾಪಸು ಬಂದ. ಚೀಲ ಖಾಲಿಯಾಗಿತ್ತು.

"ಸ್ವಾಮಿ, ಇಡೀ ಬೀದಿ ಕಾಗದಾನೆಲ್ಲ ಒಂದೇ ಮನೆಗೆ ಹಾಕಿ ಬಂದಿದೀನಿ! ಪ್ರತಿ ಬಾಗಿಲೂ ಬೇರೆ ಬಾಗಿಲು ಅನ್ಕೊಂಡೆ. ಸುತ್ತಿ ಸುತ್ತಿ ಅದೇ ಬಾಗಿಲಿಗೇ ಹೋಗಿದೀನಿ. ಆ ಮನೆ ಹೆಂಗಸು ಏಳನೇ ಸಲಕ್ಕೆ ನನಗೆ ಕುಡಿಯೋಕೆ ನೀರು ಕೊಟ್ಟು, 'ಕೂತ್ಕೊಳ್ಳಿ, ಮನೆಯಿಂದ ಯಾರನ್ನಾದ್ರೂ ಕರೀಲಾ' ಅಂದ್ಲು!"

ನೋಡಿದರೆ ಅದು ಸೂಜಿಗೆ ದಾರ ಪೋಣಿಸಲೆಂದು ಒಬ್ಬ ಅಜ್ಜಿ ಮಾಡಿಸಿದ್ದ ಕನ್ನಡಕ. ಯಜಮಾನರು ಈ ಸಲ ಗಡಿಯಾರವನ್ನೂ ನೋಡದೆ ನೇರವಾಗಿ ಶುರು ಮಾಡಿದರು. "ಏನಾಗಿದೆ ಇವತ್ತು ನಿನಗೆ?"

ಅವನು ಎಲ್ಲವನ್ನೂ ಹೇಳಿದ. ಸೌಟಿನಿಂದ ಹಿಡಿದು ಈರುಳ್ಳಿಯ ತನಕ. ಹೇಳುವಾಗ ಕಣ್ಣಲ್ಲಿ ನೀರಾಡಿತು. "ಅವಳು ಐದು ವರ್ಷದಲ್ಲಿ ನನ್ನನ್ನ ಕೇಳಿದ್ದು ಇದೊಂದೇ ಯಜಮಾನ್ರೆ. ಇದೂ ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ಅವಳ ಮುಖ ಹೇಗೆ ನೋಡ್ಲಿ?"

ಯಜಮಾನರ ಮನಸ್ಸು ಕರಗಿತು. ಅವರ ಮನಸ್ಸು ಕರಗಿದರೆ ಬೈಗುಳಕ್ಕಿಂತ ಹೆಚ್ಚು ಕಷ್ಟ. "ಇಷ್ಟೇ ತಾನೆ? ಕೂತ್ಕೊ ಕುರ್ಚಿ ಮೇಲೆ," ಎಂದರು.

"ಯಾಕೆ?"

"ಕೂತ್ಕೊ ಅಂದೆ. ಊರಿಗೆಲ್ಲ ಪರೀಕ್ಷೆ ಮಾಡ್ತೀಯ, ನಿನಗ್ಯಾರು ಮಾಡ್ಬೇಕು?"

ಕಬ್ಬಿಣದ ಫ್ರೇಮು ಮೂಗಿನ ಮೇಲೆ ಏರಿತು. ಯಜಮಾನರು ಒಂದು ಗಾಜು ಹಾಕಿದರು. "ಇದು ಪಟ್ಟಣ ಅನ್ಕೊ. ಚೆನ್ನಾಗಿ ಕಾಣತ್ತಾ?" ಅದನ್ನು ತೆಗೆದು ಇನ್ನೊಂದು ಹಾಕಿದರು. "ಇದು ಹಳ್ಳಿ. ಇದೋ, ಮೊದಲಿಂದೋ?"

"ಎರಡೂ ಒಂದೇ ಥರ..."

"ಗಿರಾಕಿ ಹಾಗಂದ್ರೆ ನೀನು ಏನಂತೀಯ? ಒಂದು ಹೇಳಿ ಸ್ವಾಮಿ ಅಂತೀಯ ತಾನೆ? ಹೇಳು ಒಂದು!"

ಅಂಚೆಯವನು ತನ್ನ ತೊಂದರೆಯನ್ನು ಮರೆತು ಪಕ್ಕದ ಸ್ಟೂಲು ಎಳೆದುಕೊಂಡ. "ಹಳ್ಳಿ ಅನ್ನಿ ಸ್ವಾಮಿ. ಅಲ್ಲಿ ಕಾಗದ ತಪ್ಪು ಮನೆಗೆ ಹೋದ್ರೂ ಸರಿಯಾದವ್ರಿಗೆ ತಲುಪತ್ತೆ." ಬಾಗಿಲಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ಪಟ್ಟಣದ ಪರ ನಿಂತರು. ಎತ್ತು ಏರಿಗೆ, ಕೋಣ ನೀರಿಗೆ ಎಳೆದಹಾಗಾಯಿತು. ಇವನ ಬೆವರಿಗೆ ಗಾಜಿನ ಮೇಲೆ ಮಂಜು ಕೂತು, ಪಟ್ಟಣ ಹಳ್ಳಿ ಎರಡೂ ಮಾಯವಾದವು.

"ಆ ಮನೆಯಮ್ಮನ ನಂಬರು ಕೊಡು," ಎಂದರು ಯಜಮಾನರು, ಸೋತ ದನಿಯಲ್ಲಿ. "ವ್ಯಾಪಾರಸ್ಥನ ಭಾಷೇಲಿ ನಾಲ್ಕು ಮಾತು ಕೇಳಿ ನೋಡ್ತೀನಿ. ಆಕೆ ಹೇಗೆ, ಮನೆ ಹೇಗೆ, ಎಲ್ಲಾ ಹೊರಗೆ ಬರತ್ತೆ. ನಿನ್ನ ಒಳ್ಳೇದಕ್ಕೇ."

ನಂಬರು ತೆಗೆದುಕೊಂಡು ಒಳಕೋಣೆಗೆ ಹೋದವರು ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ.

ಎರಡು ಗಂಟೆಗೆ ಮತ್ತೆ ನರ್ಸಮ್ಮನ ಫೋನು. "ಬಾವಿ ನೀರು ಸಿಹಿಯಂತೆ ಕಣಪ್ಪ. ಕುಡಿದ್ರೆ ಮಂಡಿನೋವು ಹೋಗತ್ತಂತೆ. ಅದೆಲ್ಲಾ ಸುಳ್ಳು. ಆದ್ರೂ ಹೇಳ್ದೆ." ಎರಡೂವರೆಗೆ ಮೇಷ್ಟ್ರು. "ಊರು ದಿಬ್ಬದಲ್ಲಿದೆಯಂತಯ್ಯ! ಶಾಲೇಲಿ ಭೂಗೋಳ ಹೇಳೋರೇ ಇಲ್ವಂತೆ. ಮಕ್ಕಳು ಸೂರ್ಯ ಎಲ್ಲಿ ಹುಟ್ತಾನೆ ಅಂದ್ರೆ ಗಿರಣಿ ಹಿಂದೆ ಅಂತಾರಂತೆ. ಏನು ಅನ್ಯಾಯ! ಇರಲಿ, ನೀನು ಹೋಗ್ಬೇಡ." ಮೂರಕ್ಕೆ ಕಹಳೆಯವನು. "ಅಣ್ಣಾ, ಒಂದು ಮೈಲಿ ಸುತ್ತ ಯಾರೂ ಇಲ್ಲವಂತೆ, ಹೌದಾ? ಎಷ್ಟು ಹೊತ್ತಿಗೆ ಬೇಕಾದ್ರೂ ಊದಬಹುದಾ? ಸುಮ್ನೆ ಕೇಳ್ದೆ."

ಆಮೇಲೆ ಫೋನು ಬರಲಿಲ್ಲ. ಎಲ್ಲರೂ ತನ್ನನ್ನು ಕೈಬಿಟ್ಟರೆಂದು ಅವನಿಗೆ ಅನ್ನಿಸಿತು. ಸ್ವಲ್ಪ ಹಾಯೂ ಎನಿಸಿತು. ಈಗ ಬೇರೆ ದಾರಿಯಿಲ್ಲ, ತಾನೇ ಹೇಳಬೇಕು.

ಐದಕ್ಕೆ ಯಜಮಾನರು ತಾವಾಗಿಯೇ, "ಹೋಗಪ್ಪಾ, ಇವತ್ತು ಬೇಗ ಹೋಗು," ಎಂದು ಬೆನ್ನು ತಟ್ಟಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ದಾರಿಯುದ್ದಕ್ಕೂ ಅವನು ಬೆರಳು ಮಡಚುತ್ತ ನಡೆದ. ಡಾಕ್ಟರು ಪಟ್ಟಣ, ಗಾಳಿ ಹಳ್ಳಿ, ಶಾಲೆ ಪಟ್ಟಣ, ಬಯಲು ಹಳ್ಳಿ. ಮನೆ ಬಂದಾಗ ಎರಡು ಕೈಯ ಬೆರಳೂ ಸರಿಸಮ ಮಡಚಿ, ಹೊಡೆದಾಟಕ್ಕೆ ಹೊರಟವನಂತೆ ಮುಷ್ಟಿ ಕಟ್ಟಿಕೊಂಡಿದ್ದ.

ಮೂರನೆಯ ಮಹಡಿಯ ಕೊನೆಯ ಮೆಟ್ಟಿಲಲ್ಲಿ ಕಾಲು ತಡೆಯಿತು. ಏನೋ ತಪ್ಪಾಗಿತ್ತು. ಬೇರೆ ಕಟ್ಟಡಕ್ಕೆ ಬಂದೆನೋ ಎಂದು ಗೋಡೆಯ ಮೇಲಿನ ನಂಬರು ನೋಡಿಕೊಂಡ. ಅದೇ ಕಟ್ಟಡ. ಆದರೆ ನರ್ಸಮ್ಮನ ಬಾಗಿಲು ಮುಚ್ಚಿತ್ತು. ಮೇಷ್ಟ್ರ ಬಾಗಿಲೂ ಮುಚ್ಚಿತ್ತು. ಕಹಳೆಯ ಸದ್ದಿಲ್ಲ, ರೇಡಿಯೋ ಇಲ್ಲ. ಕಾರಿಡಾರಿನಲ್ಲಿ ತನ್ನ ಚಪ್ಪಲಿಯ ಸದ್ದು ತನಗೇ ಕೇಳಿಸಿತು.

ಬೆಕ್ಕಿನ ಹೆಜ್ಜೆಯಿಟ್ಟು ತನ್ನ ಬಾಗಿಲಿಗೆ ಬಂದು ಇಣುಕಿದ. ತಾಯಿ ಮಗಳು ನೆಲದ ಮೇಲೆ ಕೂತು ಹಳೆಯ ಕನ್ನಡಕದ ಡಬ್ಬಿಗಳನ್ನು ಸಾಲಾಗಿ ಇಟ್ಟು ಆಡುತ್ತಿದ್ದರು. ಪುಟ್ಟಿ ಕತೆ ಹೇಳುತ್ತಿದ್ದಳು. "ಒಂದು ಇರುವೆ ಇತ್ತಂತೆ. ಅದಕ್ಕೆ ಕಣ್ಣು ಕಾಣ್ತಿರಲಿಲ್ಲವಂತೆ. ಆಗ ಅಪ್ಪ ಒಂದು ಪುಟಾಣಿ ಕನ್ನಡಕ ಮಾಡಿ ಕೊಟ್ಟರಂತೆ. ಆಗ ಇರುವೆಗೆ ಅಮ್ಮ ಕಾಣಿಸಿದ್ಲಂತೆ." ಕತೆ ಅಲ್ಲಿಗೆ ಮುಗಿಯಿತು. ನಡುವೆ ಯಾರೂ ತಿದ್ದಲಿಲ್ಲ, ಇರುವೆಗೆ ಎಷ್ಟು ಕಾಲೆಂದು ಕೇಳಲಿಲ್ಲ, ಬಿಸ್ಕತ್ತು ತುರುಕಲಿಲ್ಲ. ಮಗಳ ಒಂದು ಮಾತು ಮೊದಲಿನಿಂದ ಕೊನೆಯವರೆಗೆ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.

ಮುಷ್ಟಿ ತಾನಾಗಿಯೇ ಬಿಚ್ಚಿಕೊಂಡಿತು.

"ಹಳ್ಳಿ," ಎಂದ.

ಹೆಂಡತಿ ತಲೆಯೆತ್ತಿದಳು. "ಏನಂದ್ರಿ?"

"ಹಳ್ಳಿಗೆ ಹೋಗೋಣ. ನಾನೇ ಹೇಳ್ತಿದೀನಿ. ಯಾರೂ ಹೇಳಿಕೊಟ್ಟಿದ್ದಲ್ಲ. ನಾವು ಮೂರೇ ಜನ ಇರೋಣ. ಇವಳು ಹೇಳೋದನ್ನ ಪೂರ್ತಿ ಕೇಳ್ಬೇಕು ಅನ್ನಿಸ್ತಿದೆ ನನಗೆ."

ಅವಳು ಎದ್ದು ಬಂದು ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಅವಳ ಮುಖ ಆಗ ಅರಳಿದ್ದನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ. ಆ ದಿನ ಅವನು ಯಾವ ಕಡೆ ನೋಡಬೇಕೆಂದು ತೀರ್ಮಾನವಾಗದೆ ನೆಲ ನೋಡುತ್ತಿದ್ದ.

ಐದು ಐವತ್ತಕ್ಕೆ ಫೋನು ಮಾಡಿದ.

"ಅಮ್ಮಾ, ಕನ್ನಡಕದ ಅಂಗಡಿಯವನು. ನಾವು ಬರ್ತೀವಿ. ಖಂಡಿತ."

"ಬನ್ನಿಪ್ಪಾ ಬನ್ನಿ!" ಆ ಕಡೆಯ ದನಿಯಲ್ಲಿ ಹಬ್ಬದ ಸಡಗರವಿತ್ತು. "ಒಂದೇ ಒಂದು ಮನೆ ಉಳಿದಿದೆ, ನಿಮಗೇ ಅಂತ ಇಟ್ಟಿದೀನಿ."

"ಒಂದೇ? ಐದೂ ಖಾಲಿ ಇದ್ದವಲ್ಲ? ಈರುಳ್ಳಿಯವನು..."

"ಈರುಳ್ಳಿಯವನನ್ನ ಆಗಲೇ ಓಡಿಸ್ದೆ. ನಿಮ್ಮ ಪುಣ್ಯದಿಂದ ನನ್ನ ಮನೆಗಳಿಗೆ ಜನ ಬಂತಪ್ಪ. ಬೆಳಗಿಂದ ಒಬ್ಬರ ಹಿಂದೆ ಒಬ್ಬರು ಫೋನ್ ಮಾಡಿದ್ದೇ ಮಾಡಿದ್ದು. ಮೊದಲು ಎಲ್ಲರೂ ಜಗಳಕ್ಕೇ ಬಂದ್ರು, 'ನಮ್ಮ ಹುಡುಗನ್ನ ಯಾಕೆ ಕರೆಸ್ತೀರಿ' ಅಂತ. ಮಾತಾಡ್ತಾ ಮಾತಾಡ್ತಾ ಮೆತ್ತಗಾದ್ರು. ನರ್ಸಮ್ಮ ಒಂದನೇದು, ಮೇಷ್ಟ್ರು ಎರಡನೇದು, ಬ್ಯಾಂಡಿನ ಹುಡುಗ ನಾಕನೇದು ಹಿಡಿದಿದಾರೆ. ಐದನೇದು ನಿಮ್ಮ ಯಜಮಾನ್ರು, ನಮ್ಮ ಕಡೆ ಕನ್ನಡಕದ ಅಂಗಡಿ ಇಲ್ಲ ಅಂತ ತಿಳಿದು, ಪಟ್ಟಣದ ಅಂಗಡಿ ಮುಗಿಸಿ ಬಂದು ಸಂಜೆ ಹೊತ್ತು ಮುಂದಿನ ಕೋಣೇಲಿ ಇನ್ನೊಂದು ಅಂಗಡಿ ಇಡ್ತಾರಂತೆ. ಮಧ್ಯದ್ದು ಮಾತ್ರ ಬಿಡಿ, ಅದು ಪುಟ್ಟಿದು ಅಂತ ನಾಲ್ಕು ಜನಾನೂ ಒಂದೇ ಮಾತಲ್ಲಿ ಹೇಳಿದ್ರು."

ಅವನು ಗೋಡೆಗೆ ಒರಗಿದ. "ಅಮ್ಮಾ... ಗೋಡೆಗಳು ದಪ್ಪ ಇವೆಯಾ?"

"ಗೋಡೆ ಇದೆಯಪ್ಪಾ, ಆದ್ರೆ ಮಾಡಿನ ತನಕ ಇಲ್ಲ. ಐದಕ್ಕೂ ಸೇರಿ ಒಂದೇ ಹೆಂಚಿನ ಮಾಡು. ಒಂದರಲ್ಲಿ ಕೆಮ್ಮಿದ್ರೆ ಐದರಲ್ಲೂ ಕೇಳತ್ತೆ. ಅಕ್ಕಪಕ್ಕ ಒಳ್ಳೇ ಜನ ಸಿಕ್ಕಿದ್ದು ನಿಮ್ಮ ಅದೃಷ್ಟ!"

ಫೋನಿಟ್ಟ ಕೂಡಲೇ ಅವನಿಗೊಂದು ಬೆಳಕು ಹೊಳೆಯಿತು. ಅವರೆಲ್ಲ ಅಲ್ಲಿಗೆ ಹೋದರೆ ಇಲ್ಲಿ ಮೌನ! "ಕೇಳು, ನಾವು ಇಲ್ಲೇ..." ಎಂದು ಬಾಯಿ ತೆರೆಯುವಷ್ಟರಲ್ಲಿ ಕಾರಿಡಾರಿನ ಮೂರೂ ಬಾಗಿಲು ಒಟ್ಟಿಗೆ ತೆರೆದವು. ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದವರೆಲ್ಲ ಗೋಡೆಗೆ ಕಿವಿ ಹಚ್ಚಿಕೊಂಡೇ ಇದ್ದರೆಂದು ಕಾಣುತ್ತದೆ.

"ನಮ್ಮಪ್ಪಾ, ಹೇಳ್ಬಿಟ್ಟೆಯಲ್ಲ!" ನರ್ಸಮ್ಮ ಬಂದವಳೇ ಅವನ ಕೆನ್ನೆ ಹಿಂಡಿದಳು. "ನೀನು ಎಲ್ಲಿ ಬೇಡ ಅಂತೀಯೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ವಿ. ಮಗು ಇಲ್ಲದ ಮಹಡೀಲಿ ನಾವೇನು ಗೋಡೆ ನೋಡ್ತಾ ಕೂರೋಕಾಗತ್ತಾ?"

"ಈ ಮನೆಗಳು...?" ಎಂದ ಅವನು ಮೆಲ್ಲನೆ.

"ಅದರ ಚಿಂತೆ ಬಿಡಿ ಅಣ್ಣಾ," ಎಂದ ಕಹಳೆಯವನು. "ನಮ್ಮ ಬ್ಯಾಂಡಿನವರು ನಾಲ್ಕೂ ಮನೆ ಕೇಳಿದಾರೆ. ಹನ್ನೆರಡು ಜನ, ಎರಡು ದೊಡ್ಡ ಡೋಲು. ನಾಳೇನೇ ಬರ್ತಾರೆ."

ಇವನು ತೆರೆದ ಬಾಯನ್ನು ಹಾಗೆಯೇ ಮುಚ್ಚಿದ. ಪುಟ್ಟಿ ಆಗಲೇ ಮೇಷ್ಟ್ರ ಹೆಗಲೇರಿ, ಹೊಸ ಮನೆಯ ಕೆರೆ ಯಾವ ದಿಕ್ಕಿಗೆಂದು ತಿಳಿದುಕೊಳ್ಳುತ್ತಿದ್ದಳು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಗ್ತೀಯಾ?" ಎಂದ ಅವನು.

"ನಗದೆ ಏನು ಮಾಡ್ಲಿ? ನಿಮ್ಮ ಬಾಯಿಂದ ಒಂದು ಮಾತು ಬಂತಲ್ಲ, ನನಗೆ ಅಷ್ಟು ಸಾಕು. ಅದಕ್ಕೆ ನಾಲ್ಕು ಮನೆಯವರು ಮೂಟೆ ಕಟ್ಟಿದಾರೆ ನೋಡಿ. ದೊಡ್ಡ ಮಂತ್ರಿ ಮಾತಿಗೂ ಈ ಬೆಲೆ ಇರಲ್ಲ."

ಅದೇನೋ ನಿಜವೇ ಅನ್ನಿಸಿ ಅವನಿಗೂ ನಗು ಬಂತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದ ಆ ಗಲಾಟೆಯಲ್ಲಿ, ಬದುಕಿನಲ್ಲಿ ಎರಡನೆಯ ತೀರ್ಮಾನವನ್ನೂ ಈಗಲೇ ಮಾಡಿಬಿಡುವ ಹುರುಪೆದ್ದಿತು. ಏನಾದರಾಗಲಿ, ದಿನಾ ಬಸ್ಸಿನಲ್ಲಿ ಹೋಗಿಬರುವ ಆ ಎರಡು ಗಂಟೆಯಾದರೂ ತನ್ನದಾಗಿರಲಿ. ಕಿಟಕಿ ಪಕ್ಕ ಕೂತು, ಯಾರೊಡನೆಯೂ ಮಾತಾಡದೆ, ಹೊರಗೆ ನೋಡುತ್ತ ಹೋಗಬೇಕು.

ಆಗ ಫೋನು ಬಂತು. ಯಜಮಾನರು.

"ಹೇಳಿದೆಯಂತಲ್ಲ, ಭೇಷ್! ನೋಡು, ಪಟ್ಟಣದ ಅಂಗಡಿಗೆ ಇನ್ನು ದಿನಾ ಇಬ್ಬರೂ ಒಂದೇ ಬಸ್ಸಿಗೆ. ತಡ ಆಯ್ತು ಅನ್ನೋ ಮಾತೇ ಇಲ್ಲ. ದಾರೀಲಿ ಅಂಗಡಿ ವಿಷಯವೆಲ್ಲ ಮಾತಾಡ್ಕೊಂಡು ಹೋಗಬಹುದು. ಒಂದು ಮಾತ್ರ ಈಗಲೇ ಹೇಳಿರ್ತೀನಿ, ಕಿಟಕಿ ಸೀಟು ನಂದು."